‘ಭೂಮಿಯ ತಾಪಮಾನ: ಯಾರಿಗೂ ತಿಳಿಯದ ಲೆಕ್ಕ’ – ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯ ಲೇಖಕರೇ,

ನೀವು ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ನಿಮ್ಮ ಗದ್ಯದಲ್ಲಿ ಬಿಗಿಯಿದೆ, ವಿಷಯದಲ್ಲಿ ನಿಜವಾದ ಆಸಕ್ತಿಯೂ ಇದೆ. ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳದೆ, ತೊಡಕು ಎಲ್ಲಿದೆ ಎಂಬುದನ್ನು ವಿವರವಾಗಿಯೇ ತಿಳಿಸುತ್ತಿದ್ದೇನೆ.

ಹಳೆಯ ಥರ್ಮಾಮೀಟರುಗಳ ಓದಿನಲ್ಲಿ ಅರ್ಧ ಡಿಗ್ರಿಯಷ್ಟು ತಪ್ಪಿರುತ್ತಿದ್ದುದರಿಂದ ದಶಕಕ್ಕೆ 0.12 ಡಿಗ್ರಿ ಏರಿಕೆ ಎನ್ನುವ ಮಾತಿಗೆ ಅರ್ಥವಿಲ್ಲ, ವಿಜ್ಞಾನಿಗಳು ಅಂಕಿಗಳನ್ನು ಪದೇ ಪದೇ ತಿದ್ದುತ್ತಿರುವುದೇ ಅವರಿಗೆ ಏನೂ ಗೊತ್ತಿಲ್ಲವೆಂಬುದಕ್ಕೆ ಸಾಕ್ಷಿ ಎಂಬುದು ನಿಮ್ಮ ವಾದದ ಸಾರ. ಬಿಡಿ ಬಿಡಿ ಓದುಗಳಲ್ಲಿ ಆಚೀಚೆ ಆಗುವ ತಪ್ಪು, ಅಳೆಯುವ ವಿಧಾನದಿಂದಾಗಿ ಒಂದೇ ದಿಕ್ಕಿಗೆ ವಾಲುವ ತಪ್ಪು, ಅಳತೆ ಸರಿಯಿದ್ದರೂ ಹವೆಯ ಸಹಜ ಏರಿಳಿತದಿಂದ ಅಲ್ಪಾವಧಿಯ ಲೆಕ್ಕದಲ್ಲಿ ಉಳಿಯುವ ಸಂದೇಹ – ಈ ಮೂರನ್ನೂ ನೀವು ಒಂದೇ ಗಂಟು ಕಟ್ಟಿದ್ದೀರಿ. ನಿಮ್ಮ ಲೇಖನ ಎಡವಿರುವುದು ಇಲ್ಲಿಯೇ.

ಮೊದಲನೆಯದು ಸುಲಭದ್ದು. ಅರ್ಧ ಡಿಗ್ರಿಯವರೆಗೆ ಮೇಲಕ್ಕೋ ಕೆಳಕ್ಕೋ ತಪ್ಪಬಹುದಾದ ಓದುಗಳನ್ನು ದಿನಕ್ಕೆರಡರಂತೆ ತಿಂಗಳಿಗೆ 60 ಸಲ ತೆಗೆದುಕೊಂಡು ಸರಾಸರಿ ಮಾಡಿದರೆ, ಉಳಿಯುವ ತಪ್ಪು ಸುಮಾರು 0.04 ಡಿಗ್ರಿ ಮಾತ್ರ. ಸಾವಿರಾರು ಕೇಂದ್ರಗಳನ್ನು ಒಟ್ಟುಗೂಡಿಸಿದಾಗ ಅದು ಇನ್ನೂ ತಗ್ಗುತ್ತದೆ. ನಿಮ್ಮ ಮೊದಲ ಎರಡು ಪುಟಗಳು ಈ ಸರಳ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅವುಗಳನ್ನು ಪೂರ್ತಿಯಾಗಿ ತೆಗೆದುಹಾಕಿ.

ನಿಜವಾದ ಕಷ್ಟವಿರುವುದು ಎರಡನೆಯದರಲ್ಲಿ. ನೀವು ಅದನ್ನು ‘ಹಡಗಿನವರು ಬಕೆಟ್ಟಿನಲ್ಲಿ ನೀರು ಸೇದುತ್ತಿದ್ದರಂತೆ’ ಎಂಬ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಲೇಖನದ ಜೀವವೇ ಆ ವಾಕ್ಯದಲ್ಲಿದೆ. ನಾವಿಕನೊಬ್ಬ ಕ್ಯಾನ್ವಾಸ್ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಕಡಲಿಗಿಳಿಸಿ, ಮೇಲೆಳೆದು, ಅದರಲ್ಲಿ ಥರ್ಮಾಮೀಟರ್ ಅದ್ದಿ ಪಾದರಸ ನಿಲ್ಲುವವರೆಗೂ ಕಾಯುತ್ತಾನೆ. ಅಷ್ಟು ಹೊತ್ತೂ ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸುತ್ತಿರುವುದರಿಂದ ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ. ಎಂಜಿನ್ ತಂಪಾಗಿಸಲು ಒಳಗೆ ಎಳೆದುಕೊಂಡ ನೀರನ್ನು ಅಳೆದರೆ ಇದಕ್ಕೆ ವ್ಯತಿರಿಕ್ತವಾಗಿ ಓದು ತುಸು ಬಿಸಿಯ ಕಡೆಗೆ ವಾಲುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಲಭ್ಯವಿರುವ ದಾಖಲೆಗಳ ಬಹುಪಾಲು ಎಂಜಿನ್ ನೀರನ್ನು ಅಳೆಯುತ್ತಿದ್ದ ಅಮೆರಿಕದ ಹಡಗುಗಳವು. ಯುದ್ಧ ಮುಗಿದೊಡನೆ ಬಕೆಟ್ ಬಳಸುತ್ತಿದ್ದ ಬ್ರಿಟಿಷ್ ಹಡಗುಗಳ ಪಾಲು ಏರಿತು. ಹೀಗಾಗಿ 1945ರ ಕೊನೆಯಲ್ಲಿ ಇಡೀ ಜಗತ್ತು ಇದ್ದಕ್ಕಿದ್ದಂತೆ ಸುಮಾರು 0.3 ಡಿಗ್ರಿ ತಣ್ಣಗಾದಂತೆ ದಾಖಲೆಗಳಲ್ಲಿ ಕಾಣಿಸಿತು. ಡೇವಿಡ್ ಥಾಂಪ್ಸನ್ ಮತ್ತು ಸಂಗಡಿಗರು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಗುರುತಿಸಿ ತೋರಿಸಿದ್ದು 2008ರಲ್ಲಿ. ಸಾವಿರಾರು ಓದುಗಳ ಸರಾಸರಿ ತೆಗೆದರೂ ಇಂಥ ತಪ್ಪು ಕರಗುವುದಿಲ್ಲ. ಯಾವ ಹಡಗು, ಯಾವ ದೇಶದ್ದು, ಹೇಗೆ ಅಳೆಯಿತು ಎಂದು ಹುಡುಕಿಯೇ ತಿದ್ದಬೇಕು. ಜಪಾನಿನ ಹಡಗುಗಳ ಕೆಲವು ಹಳೆಯ ದಾಖಲೆಗಳನ್ನು ಗಣಕಕ್ಕೆ ಏರಿಸುವಾಗ ದಶಮಾಂಶದ ಅಂಕಿಯನ್ನೇ ಕೈಬಿಟ್ಟಿದ್ದರಿಂದ ಉತ್ತರ ಶಾಂತ ಸಾಗರ ಇದ್ದುದಕ್ಕಿಂತ ತಂಪಾಗಿ ಕಂಡದ್ದು ಬೆಳಕಿಗೆ ಬಂದದ್ದು 2019ರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಸಾಗರದ ಅಂಕಿಗಳು ಈಗಲೂ ಅತಿಯಾಗಿ ತಂಪಾಗಿವೆ ಎಂದು 2024ರಲ್ಲಿ ಮತ್ತೊಂದು ತಂಡ ವಾದಿಸಿತು. ಈ ಚರ್ಚೆ ಇನ್ನೂ ಜೀವಂತವಾಗಿದೆ, ಕನ್ನಡದ ಓದುಗರಿಗೆ ಅದನ್ನು ತಲುಪಿಸಬೇಕು ಎಂಬುದು ನನ್ನ ಆಸೆ.

ತಿದ್ದುಪಡಿಗಳೆಲ್ಲ ಏರಿಕೆಯನ್ನು ಹಿಗ್ಗಿಸಲೆಂದೇ ಮಾಡಿದವು ಎಂಬ ನಿಮ್ಮ ಆಪಾದನೆಗೆ ಆಧಾರವಿಲ್ಲ. ನೆಲ ಮತ್ತು ಸಾಗರ ಎರಡನ್ನೂ ಸೇರಿಸಿ ನೋಡಿದರೆ ಹಳೆಯ ಸಾಗರ ಅಂಕಿಗಳ ತಿದ್ದುಪಡಿಯಿಂದಾಗಿ ದೀರ್ಘಾವಧಿಯ ಏರಿಕೆ ಕಡಿಮೆಯೇ ಆಗಿದೆ. 2015ರಲ್ಲಿ ಅಮೆರಿಕದ ವಿಜ್ಞಾನಿ ಥಾಮಸ್ ಕಾರ್ಲ್ ಅವರ ತಂಡ ಹಡಗುಗಳಿಗೂ ತೇಲಿಬಿಟ್ಟ ಸ್ವಯಂಚಾಲಿತ ಮಾಪಕಗಳಿಗೂ ಇದ್ದ ಸುಮಾರು 0.12 ಡಿಗ್ರಿ ಅಂತರವನ್ನು ಸರಿಹೊಂದಿಸಿದ್ದನ್ನು ನೀವು ಮೋಸ ಎಂದು ಕರೆದಿದ್ದೀರಿ. ಆದರೆ 2017ರಲ್ಲಿ ಝೀಕ್ ಹೌಸ್‌ಫಾದರ್ ಮತ್ತಿತರರು ತೇಲುವ ಮಾಪಕಗಳು, ಕಡಲಾಳಕ್ಕಿಳಿದು ಮೇಲೇರುತ್ತಾ ಅಳೆಯುವ ಆರ್ಗೋ ಸಾಧನಗಳು, ಉಪಗ್ರಹಗಳು ಇವುಗಳ ಅಂಕಿಗಳನ್ನು ಬೇರೆ ಬೇರೆಯಾಗಿಯೇ ತೆಗೆದುಕೊಂಡು ನೋಡಿದಾಗಲೂ ಆ ಹೊಸ ಲೆಕ್ಕವೇ ಸರಿಹೊಂದಿತು. ಉಪಗ್ರಹದ ಅಂಕಿಗಳು ‘ಯಾರ ಕೈಯೂ ತಾಗದ’ ಶುದ್ಧ ಅಂಕಿಗಳೆಂಬ ನಿಮ್ಮ ಮಾತೂ ನಿಲ್ಲದು. ಅಲಬಾಮಾ ವಿಶ್ವವಿದ್ಯಾಲಯದ ಸ್ಪೆನ್ಸರ್ ಮತ್ತು ಕ್ರಿಸ್ಟಿಯವರ ಉಪಗ್ರಹ ತಾಪಮಾನ ಸರಣಿಯಲ್ಲಿ, ಉಪಗ್ರಹ ಅಳೆಯುವ ದಿನದ ವೇಳೆ ವರ್ಷಗಳು ಕಳೆದಂತೆ ಸರಿಯುವುದಕ್ಕೆ ಮಾಡಿದ ತಿದ್ದುಪಡಿಯ ದಿಕ್ಕೇ ತಲೆಕೆಳಗಾಗಿದ್ದುದನ್ನು 2005ರಲ್ಲಿ ಮಿಯರ್ಸ್ ಮತ್ತು ವೆಂಟ್ಜ್ ತೋರಿಸಿಕೊಟ್ಟರು. ಸ್ಪೆನ್ಸರ್ ಮತ್ತು ಕ್ರಿಸ್ಟಿ ಅದನ್ನು ಒಪ್ಪಿ ತಿದ್ದಿಕೊಂಡರು.

ಇನ್ನು ಮೂರನೆಯದು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2013ರ ವರದಿ 1998ರಿಂದ 2012ರವರೆಗಿನ ಏರಿಕೆಯನ್ನು ದಶಕಕ್ಕೆ 0.05 ಡಿಗ್ರಿ ಎಂದು ಕೊಟ್ಟಿದೆ. ಅದರ ವ್ಯಾಪ್ತಿ, ಅಂದರೆ ನಿಜವಾದ ಅಂಕಿ ಇರಬಹುದಾದ ಮಿತಿ, –0.05ರಿಂದ 0.15. ನೀವು 0.05ನ್ನು ಮಾತ್ರ ಎತ್ತಿಕೊಂಡು ವ್ಯಾಪ್ತಿಯನ್ನು ಬಿಟ್ಟಿದ್ದೀರಿ, ಅವಧಿ ಪ್ರಬಲ ಎಲ್ ನಿನೋ (ಶಾಂತ ಸಾಗರ ಬಿಸಿಯೇರಿ ಜಗತ್ತಿನ ತಾಪಮಾನವನ್ನು ತಾತ್ಕಾಲಿಕವಾಗಿ ಏರಿಸುವ ವಿದ್ಯಮಾನ) ವರ್ಷದಿಂದ ಆರಂಭವಾಗುತ್ತದೆಂಬ ಅದೇ ವಾಕ್ಯದ ಮಾತನ್ನೂ ಬಿಟ್ಟಿದ್ದೀರಿ. 1951ರಿಂದ 2012ರವರೆಗೆ ಅದೇ ಲೆಕ್ಕ 0.12, ವ್ಯಾಪ್ತಿ 0.08ರಿಂದ 0.14. ಅವಧಿ ಉದ್ದವಾದಂತೆ ಸಂದೇಹ ಹೇಗೆ ಕಿರಿದಾಗುತ್ತದೆ ಎಂಬುದನ್ನು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟೇ ಓದುಗರಿಗೆ ತೋರಿಸಬಹುದಿತ್ತು. 1998ರ ನಂತರ ಏರಿಕೆ ನಿಧಾನವಾಯಿತೆಂಬುದು ನಿಜವೋ ಅಲ್ಲವೋ ಎಂಬ ಬಗ್ಗೆ ತಾಪಮಾನ ಏರಿಕೆಯನ್ನು ಒಪ್ಪುವ ವಿಜ್ಞಾನಿಗಳಲ್ಲಿಯೇ ತೀವ್ರ ಭಿನ್ನಾಭಿಪ್ರಾಯವಿತ್ತು. ಅದು ನಿಜವೆಂದು 2016ರಲ್ಲಿ ಜಾನ್ ಫೈಫ್ ಮತ್ತಿತರರೊಂದಿಗೆ ಬರೆದವರಲ್ಲಿ, ತಾಪಮಾನ ಏರಿಕೆಯ ಬಗ್ಗೆ ಎಚ್ಚರಿಸುವವರಲ್ಲಿ ಪ್ರಮುಖರಾದ ವಿಜ್ಞಾನಿ ಮೈಕೆಲ್ ಮನ್ ಕೂಡ ಇದ್ದರು. ನಿಮ್ಮ ಲೇಖನದಲ್ಲಿ ಈ ಭಿನ್ನಾಭಿಪ್ರಾಯದ ಸುಳಿವೇ ಇಲ್ಲ. ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುತ್ತಾರೆಂದು ಬರೆದುಬಿಟ್ಟಿದ್ದೀರಿ.

2014 ಅತ್ಯಂತ ಬಿಸಿಯ ವರ್ಷವಾಗಿರುವ ಸಂಭವ ನಾಸಾ ಲೆಕ್ಕದಲ್ಲಿ ಶೇ 38 ಮಾತ್ರ ಎಂದು ಬರೆದಿದ್ದೀರಿ. ಅಂಕಿ ಸರಿಯಿದೆ. ಆದರೆ ನಂತರದ ಸ್ಥಾನದಲ್ಲಿದ್ದ 2010ಕ್ಕೆ ಅದೇ ಲೆಕ್ಕ ಶೇ 23 ಕೊಟ್ಟಿತ್ತು ಎಂಬುದನ್ನು ಸೇರಿಸದಿದ್ದರೆ ಓದುಗರು ದಾರಿ ತಪ್ಪುತ್ತಾರೆ. ಇದನ್ನು ನಾನು ಸಣ್ಣ ಲೋಪವೆಂದು ಬಿಡಲಾರೆ.

ಬಕೆಟ್ಟಿನ ಕಥೆಯನ್ನೇ ಕೇಂದ್ರವಾಗಿಟ್ಟುಕೊಂಡು ಲೇಖನವನ್ನು ಹೊಸದಾಗಿ ಬರೆಯಿರಿ ಎಂಬುದು ನನ್ನ ಸಲಹೆ. ಉಪಗ್ರಹದ ಭಾಗಕ್ಕೆ ಒಂದು ಪ್ಯಾರಾ ಸಾಕು. ಪ್ರಶ್ನಿಸುವ ನಿಮ್ಮ ಸ್ವಭಾವವನ್ನು ಬಿಟ್ಟುಕೊಡಬೇಕಿಲ್ಲ: ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಅಳತೆಗಳು ವಿರಳವಾಗಿದ್ದಾಗ ಏರಿಕೆಯನ್ನು ಹೋಲಿಸಲು ಬಳಸುವ 1850–1900ರ ಸರಾಸರಿಯ ಆಧಾರರೇಖೆಯನ್ನು ಎಷ್ಟು ನಂಬಬಹುದು ಎಂಬುದು ಕೇಳಲೇಬೇಕಾದ ಪ್ರಶ್ನೆ. ವಿಶ್ವ ಹವಾಮಾನ ಸಂಸ್ಥೆ 2024ರ ತಾಪಮಾನ ಆ ರೇಖೆಗಿಂತ 1.55 ಡಿಗ್ರಿ ಹೆಚ್ಚು ಎಂದಾಗ, ಜೊತೆಗೆ 0.13 ಡಿಗ್ರಿ ಆಚೀಚೆ ಎಂದೂ ಹೇಳಿದೆ, ಆ 0.13 ಎಲ್ಲಿಂದ ಬಂತೆಂದು ವಿವರಿಸಿ. ಪರಿಷ್ಕೃತ ಪ್ರತಿಯಲ್ಲಿ ಏರಿಕೆಯ ಪ್ರತಿಯೊಂದು ಅಂಕಿಯ ಪಕ್ಕದಲ್ಲೂ ಅದರ ಅವಧಿ ಮತ್ತು ವ್ಯಾಪ್ತಿ ಎರಡೂ ಇರಲಿ. ಆ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ.

ಇಂತು,
ಸಂಪಾದಕ