ಪಕ್ಕದವರು ಸೇದುವ ಸಿಗರೇಟಿನ ಹೊಗೆ ನನ್ನ ಮಿದುಳಿಗೂ ಹೋಗುತ್ತದೆಯೇ?

ನೀವು ಸೇದುವುದಿಲ್ಲ, ಒಂದೇ ರೂಮಿನಲ್ಲಿರುವ ಗೆಳೆಯ ಸೇದುತ್ತಾನೆ. ಅವನ ಮಿದುಳಿನಲ್ಲಿ ಏನಾಗುತ್ತದೆ, ಅದರಲ್ಲಿ ನಿಮಗೂ ಪಾಲು ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. ಅವನಷ್ಟಲ್ಲ, ಆದರೆ ಅಳೆದು ತೋರಿಸುವಷ್ಟು.

ಮೊದಲು ಅವನ ವಿಷಯ. ದಮ್ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಸೇರುತ್ತದೆ. ಅಸಿಟೈಲ್‌ಕೋಲಿನ್ ಎಂಬುದು ನಮ್ಮ ದೇಹವೇ ತಯಾರಿಸುವ ರಾಸಾಯನಿಕ. ಅದು ಬಂದು ಕೂರಲೆಂದು ನರಕೋಶಗಳ ಮೇಲೆ ರಿಸೆಪ್ಟರ್‌ಗಳಿವೆ. ನಿಕೋಟಿನ್ ಆ ಜಾಗದಲ್ಲಿ ಕೂತುಬಿಡುತ್ತದೆ, ಖುಷಿ ಕೊಡುವ ಸಂಗತಿಗಳನ್ನು ಮಿದುಳಿಗೆ ಗುರುತಿಸಿಕೊಡುವ ಡೋಪಮಿನ್ ಎಂಬ ರಾಸಾಯನಿಕ ಹೊರಬರುತ್ತದೆ, 'ಇದು ಚೆನ್ನಾಗಿದೆ, ಇನ್ನೊಮ್ಮೆ ಬೇಕು' ಎಂದು ಮಿದುಳು ಕಲಿಯುತ್ತದೆ.

ದಿನವೂ ಸೇದುತ್ತಿದ್ದರೆ ಈ ರಿಸೆಪ್ಟರ್‌ಗಳು ಜಡವಾಗುತ್ತವೆ, ಸಂಖ್ಯೆಯೂ ಜಾಸ್ತಿಯಾಗುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಆಗ ಶುರುವಾಗುತ್ತದೆ ಚಡಪಡಿಕೆ, ಸಿಡಿಮಿಡಿ. ಇನ್ನೊಂದು ಹಚ್ಚಿದರೆ ಸಮಾಧಾನ. 'ಟೆನ್ಷನ್ ಕಮ್ಮಿಯಾಗುತ್ತೆ, ಅದಕ್ಕೇ ಸೇದ್ತೀನಿ' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಟೆನ್ಷನ್‌ನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟೇ ತಂದಿಟ್ಟದ್ದು ಅಲ್ವಾ? ಬಿಟ್ಟವರಲ್ಲಿ ಆತಂಕ, ಖಿನ್ನತೆ ಕಡಿಮೆಯಾಗುವುದನ್ನು ಅಧ್ಯಯನಗಳು ಕಂಡಿವೆ.

ಎಲ್ಲದಕ್ಕೂ ನಿಕೋಟಿನ್ ಒಂದನ್ನೇ ದೂರುವುದೂ ಸರಿಯಲ್ಲ. ಡೋಪಮಿನ್ ಒಡೆದು ತೆಗೆಯಲು ಮಿದುಳಿನಲ್ಲಿ ಎಂಎಒ ಎಂಬ ಕಿಣ್ವವಿದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಜೊಆನಾ ಫೌಲರ್ ತಂಡ 1996ರಲ್ಲಿ ಸೇದುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಈ ಕಿಣ್ವದ 'ಬಿ' ರೂಪ ಸುಮಾರು 40% ಕಡಿಮೆ ಇತ್ತು. ಇದು ನಿಕೋಟಿನ್ ಕೆಲಸವಲ್ಲ, ಹೊಗೆಯಲ್ಲಿರುವ ಬೇರೆ ವಸ್ತುಗಳದ್ದು. ಬಂದ ಡೋಪಮಿನ್ ಬೇಗ ಹೋಗುವುದೂ ಇಲ್ಲ ಎಂದಾಯಿತು. ಸಿಗರೇಟು ಬಿಡಲೆಂದು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಚ್ಚಿಕೊಂಡರೂ ಕೆಲವರಿಗೆ 'ಏನೋ ಸಾಲದು' ಅನ್ನಿಸಲು ಇದೂ ಒಂದು ಕಾರಣ ಇರಬಹುದು ಎಂಬುದು ನನ್ನ ಊಹೆ.

ಇನ್ನು ನಿಮ್ಮ ಪಾಲು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿ 2011ರಲ್ಲಿ ಪ್ರಕಟಿಸಿದರು. ಕಾರಿನಲ್ಲಿ ಸೇದುವವರ ಪಕ್ಕ ಜನರನ್ನು ಒಂದು ಗಂಟೆ ಕೂರಿಸಿ, ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿದರು. ಸುಮ್ನೆ ಕೂತವರಲ್ಲೂ ಒಂದು ಮುಖ್ಯ ಬಗೆಯ ನಿಕೋಟಿನ್ ರಿಸೆಪ್ಟರ್‌ಗಳು ಸರಾಸರಿ 19% ತುಂಬಿದ್ದವು. ಹೀಗೆ ಕೂತವರಲ್ಲಿ ಸೇದುವ ಚಟ ಇದ್ದವರಿಗೆ ಸಿಗರೇಟಿನ ಆಸೆಯೂ ಹೆಚ್ಚಿತು. ಬಿಡಲು ಒದ್ದಾಡುತ್ತಿರುವವರು ಸೇದುವವರ ಜೊತೆ ಕೂರಬಾರದು ಎಂದು ನಾನು ಹೇಳುವುದು ಇದಕ್ಕೇ.

ಹಾಗಂತ ನಿಮಗೆ ನಾಳೆ ಚಟ ಹತ್ತಿಬಿಡುತ್ತದೆ ಎಂದಲ್ಲ. ನಿಮಗೆ ಸಿಗುವ ನಿಕೋಟಿನ್ ಕಮ್ಮಿ. ಹೃದಯ ಮತ್ತು ಶ್ವಾಸಕೋಶದ ಅಪಾಯವೇ ನಿಮಗೆ ಹೆಚ್ಚಿನದು.

ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಸಾಲದು. ಹೊಗೆ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ. ರೂಮಿನೊಳಗೆ ಸೇದಲೇಬೇಡ ಎಂದು ಗೆಳೆಯನಿಗೆ ನೇರವಾಗಿ ಹೇಳಿ. ಅವನೇನಾದರೂ ಬಿಡುವ ಮನಸ್ಸು ಮಾಡಿದರೆ, ಮೊದಲ 2-3 ದಿನ ಅವನ ಸಿಡುಕು ತಡೆದುಕೊಳ್ಳಿ, ಆಗಲೇ ಅದು ಜೋರು. ಕೆಲವು ವಾರಗಳಲ್ಲಿ ರಿಸೆಪ್ಟರ್‌ಗಳ ಸಂಖ್ಯೆ ಸೇದದವರ ಮಟ್ಟಕ್ಕೆ ಇಳಿಯುತ್ತದೆ.