ಹೊರದೇಶದ ಆಸ್ಪತ್ರೆಗೆ ಎಕ್ಸ್‌ರೇ ಪ್ಲೇಸ್‌ಮೆಂಟ್‌ಗೆ (ಕಾಲೇಜಿನ ಪ್ರಾಯೋಗಿಕ ತರಬೇತಿಗೆ) ಬಂದು ಎರಡು ವಾರವಾದರೂ ಎಕ್ಸ್‌ಪೋಷರ್ ಬಟನ್ (ಎಕ್ಸ್‌ರೇ ಬಿಡುವ ಗುಂಡಿ) ಮುಟ್ಟಲು ಬಿಡುತ್ತಿಲ್ಲ ಅಂದಿರಲ್ಲ

ಕಾರಣ ನಿಮ್ಮ ಕೆಲಸ ಇರಲಾರದು, ಬಹುಶಃ ಕಾಗದಪತ್ರ. ಹೊರದೇಶದಿಂದ ಪ್ಲೇಸ್‌ಮೆಂಟ್‌ಗೆ ಬಂದವರ ಹೆಸರಿನಲ್ಲಿ ಡೋಸಿಮೀಟರ್ ಬ್ಯಾಡ್ಜ್ (ಮೈಗೆ ತಗಲಿದ ವಿಕಿರಣ ಅಳೆಯುವ ಬಿಲ್ಲೆ) ಬಂದಿರುವುದಿಲ್ಲ, ಇಲ್ಲವೇ ವಿಭಾಗದ ರೇಡಿಯೇಷನ್ ಸುರಕ್ಷತಾ ನಿಯಮ ಓದಿ ಸಹಿ ಹಾಕಿರುವುದಿಲ್ಲ. ನನಗೂ ಎರಡನೆಯದೇ ಆಗಿತ್ತು. ಯಾರೂ ಹೇಳಲಿಲ್ಲ, ಸುಮ್ನೆ ಗೋಡೆ ಪಕ್ಕ ನಿಲ್ಲಿಸಿದ್ದರು.

ನಾಳೆ ಮೊದಲು ರೇಡಿಯೇಷನ್ ಸುರಕ್ಷತಾ ಅಧಿಕಾರಿಯನ್ನು ಕಂಡು ಈ ಎರಡನ್ನೂ ನೇರವಾಗಿ ಕೇಳಿ. ಊರಿನ ಬ್ಯಾಡ್ಜ್ ಇದೆ ಅಂತ ಅದನ್ನೇ ಸಿಕ್ಕಿಸಿಕೊಳ್ಳಬೇಡಿ, ಆದರೆ ಹಳೆಯ ಡೋಸ್ ದಾಖಲೆ ಕೊಡಿ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ) ಎನ್ನುವ ಅಂತರರಾಷ್ಟ್ರೀಯ ಮಿತಿ ಆಸ್ಪತ್ರೆಗಲ್ಲ, ನಿಮಗೆ; ಊರಿನದೂ ಸೇರಿ ಲೆಕ್ಕ.

ಆಮೇಲೆ ಕಾಲೇಜಿನ ಸಂಯೋಜಕರಿಗೆ ಇಮೇಲ್ ಮಾಡಿ. ಮೇಲ್ವಿಚಾರಣೆಯಲ್ಲಿ ಯಾವ ಯಾವ ಎಕ್ಸ್‌ರೇ ಪರೀಕ್ಷೆ ಮಾಡಿದ್ದೀರಿ ಎಂಬ ಪತ್ರ ತರಿಸಿ. ಹೆಪಟೈಟಿಸ್ ಬಿ ಲಸಿಕೆಯ ದಾಖಲೆಯೂ ಜೊತೆಗಿರಲಿ.

ಅಲ್ಲಿಯವರೆಗೆ ಪೊಸಿಷನಿಂಗ್ (ಎಕ್ಸ್‌ರೇಗೆ ರೋಗಿಯನ್ನು ಸರಿಯಾಗಿ ನಿಲ್ಲಿಸುವುದು, ಮಲಗಿಸುವುದು) ಮಾಡಲು ಅವಕಾಶ ಕೇಳಿ. ಎಕ್ಸ್‌ಪೋಷರ್ ಹೊತ್ತಿಗೆ ಮಾತ್ರ ವಿಕಿರಣ ತಡೆಯುವ ಪರದೆ ಹಿಂದೆ ಬನ್ನಿ, ರೋಗಿಯನ್ನು ಹಿಡಿದುಕೊಂಡು ನಿಲ್ಲಬೇಡಿ. 'ಉಸಿರು ಎಳೆದುಕೊಳ್ಳಿ, ಹಿಡಿದಿರಿ, ಬಿಡಿ' ಅನ್ನುವುದನ್ನು ಅಲ್ಲಿನ ಭಾಷೆಯಲ್ಲಿ ಬಾಯಿಪಾಠ ಮಾಡಿ. ಎದೆಯ ಎಕ್ಸ್‌ರೇ ಅಲ್ಲೂ ಕೆಡುತ್ತದೆ. ಹೆಸರು, ಹುಟ್ಟಿದ ದಿನಾಂಕ ರೋಗಿಯೇ ಹೇಳಲಿ. 'ನೀವು ಇಂಥವರು ಅಲ್ವಾ?' ಅಂತ ಕೇಳಿದರೆ, ನಿಮ್ಮ ಉಚ್ಚಾರಣೆ ಅರ್ಥವಾಗದವರು ಎಲ್ಲದಕ್ಕೂ ಹೂಂ ಅಂತಾರೆ!

ಒಂದು ವಾರದಲ್ಲಿ ಉತ್ತರ ಬರದಿದ್ದರೆ, ಬಟನ್ ಒತ್ತದೆ ಕಳೆದ ದಿನಗಳ ಪಟ್ಟಿ ಮಾಡಿ ಸಂಯೋಜಕರಿಗೆ ಕಳಿಸಿ.