ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಇಷ್ಟು ಬೇಗ ಹರಡುವುದೇಕೆ?

ಖಾನಾಪುರ ತಾಲ್ಲೂಕಿನಲ್ಲಿ ಮುಂಗಾರು ಧಾರಾಕಾರವಾಗಿ ಸುರಿದರೂ, ಅಕ್ಟೋಬರ್ ನಂತರ ಮಳೆ ಬಹುತೇಕ ನಿಂತುಹೋಗುವುದರಿಂದ, ಮತ್ತಿ, ತೇಗದಂತಹ ಮರಗಳ ತರಗೆಲೆಯೂ ಗುಡ್ಡದ ಹುಲ್ಲೂ ಫೆಬ್ರುವರಿಯ ಹೊತ್ತಿಗೆ ಪೂರ್ತಿ ಒಣಗಿರುತ್ತವೆ. ಮಧ್ಯಾಹ್ನ ಉಷ್ಣಾಂಶ ಏರಿ, ಗಾಳಿಯ ತೇವಾಂಶ ಕುಸಿದು, ಬಯಲುಸೀಮೆಯ ಕಡೆಯಿಂದ ಒಣ ಮೂಡಗಾಳಿ ಬೀಸಿದರೆ ಒಂದು ಕಿಡಿ ಸಾಕು. ಇಳಿಜಾರಿನಲ್ಲಿ ಜ್ವಾಲೆಯು ಮೇಲಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಬೆಂಕಿ ಗುಡ್ಡ ಇಳಿಯುವುದಕ್ಕಿಂತ ಬಹಳ ವೇಗವಾಗಿ ಗುಡ್ಡ ಹತ್ತುತ್ತದೆ. ಆ ಕಿಡಿ ಬಹುಪಾಲು ಮನುಷ್ಯರದೇ: ಹೊಸ ಹುಲ್ಲು ಚಿಗುರಲೆಂದು ಹಚ್ಚಿದ್ದು, ಇಲ್ಲವೇ ಆರಿಸದೆ ಎಸೆದ ಬೀಡಿ. (ಸಿಡಿಲು ಸಾಮಾನ್ಯವಾಗಿ ಮಳೆಯೊಡನೆಯೇ ಬರುವುದರಿಂದ ಇಲ್ಲಿ ಅಪರೂಪದ ಕಾರಣ.) ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆಯು ಉಪಗ್ರಹಗಳ ನೆರವಿನಿಂದ ಎಚ್ಚರಿಕೆ ಕಳುಹಿಸುತ್ತದೆಯಾದರೂ, ಭೀಮಗಡ ಅಭಯಾರಣ್ಯದಂತಹ ದುರ್ಗಮ ಜಾಗಗಳಿಗೆ ಬೇಸಿಗೆಗೆ ಮುನ್ನವೇ ತರಗೆಲೆ ತೆಗೆದು ಮಾಡುವ ಬೆಂಕಿ ರೇಖೆಗಳೇ ಹೆಚ್ಚು ಭರವಸೆಯ ರಕ್ಷಣೆ ಎಂದು ನಾನು ದೃಢವಾಗಿ ನಂಬುತ್ತೇನೆ.